ತಿರುಗೋದು ಒಂದೇ ಇರಲಿ

ಸಾವಿರ ವರ್ಷದ ಹಿಂದೆ ಕಲ್ಲನ್ನು ತಿರುಗಿಸಿ ಕಂಬ ಕಡೆದ ಕೋಗಳಿ ಸೀಮೆಯಲ್ಲಿ ಇವತ್ತು ರಸ್ತೆ ಬದಿಯ ಶೆಡ್ಡುಗಳಲ್ಲಿ ಕಬ್ಬಿಣ ಕೊರೆಯುವ ಯಂತ್ರಗಳು ತಿರುಗುತ್ತಿವೆ. ಅವುಗಳ ಮುಂದೆ ಹತ್ತೂ ಬೆರಳು ಉಳಿಸಿಕೊಂಡು ದುಡಿಯುವುದು ಕೂಡ ಒಂದು ಕಸುಬೇ.

ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿಯ ಸಭಾಮಂಟಪದಲ್ಲಿ ಐವತ್ತು ಕಂಬಗಳಿವೆ. ಬಿಸಿಲಿನಿಂದ ಒಳಗೆ ಬಂದವರ ಕಣ್ಣು ಕತ್ತಲಿಗೆ ಒಗ್ಗಲು ಒಂದು ಗಳಿಗೆ ಬೇಕು. ಅಷ್ಟರಲ್ಲಿ ಕೈ ತಾನಾಗಿ ಹತ್ತಿರದ ಕಂಬವನ್ನು ಮುಟ್ಟಿರುತ್ತದೆ. ಕಡೆದ ಕಂಬವೊಂದನ್ನು ಹುಡುಕಿ ಬೆರಳನ್ನು ಮೇಲಿನಿಂದ ಕೆಳಗೆ ಎಳೆಯಿರಿ: ಏಣು, ತಗ್ಗು, ಬಳೆ, ಮತ್ತೆ ಏಣು, ಅದರ ಕೆಳಗೆ ಗಂಟೆಯಂಥ ಉಬ್ಬು. ಅದೇ ಬೆರಳನ್ನು ಕಂಬದ ಸುತ್ತ ಒಯ್ದರೆ ಎಲ್ಲೂ ತಡೆಯೇ ಇಲ್ಲ. ಬರಿಗೈಯಲ್ಲಿ ಉಳಿ ಹೊಡೆದು ಇಷ್ಟು ಚೊಕ್ಕ ದುಂಡು ತರಲಾಗದು. ಬಳಪದ ಕಲ್ಲಿನ ಕಂಬವನ್ನು ತಿರುಗಣೆಗೆ ಏರಿಸಿ, ಅದು ಸುತ್ತುತ್ತಿರುವಾಗ ಉಳಿಯನ್ನು ಅಲುಗದಂತೆ ಹಿಡಿದು ಕಡೆದದ್ದು ಅದು.

ಈ ಗುಡಿಯಲ್ಲಿ ಚಾಲುಕ್ಯ ಇಮ್ಮಡಿ ತೈಲಪನ ಕಾಲದ, ಕ್ರಿ.ಶ. 987ರ ಶಾಸನವಿದೆ. ಶಾಸನಗಳು ಈ ಸೀಮೆಯನ್ನು 'ಕೋಗಳಿ ಐನೂರು' ಎಂದು ಕರೆಯುತ್ತವೆ. ಅದು ನೊಳಂಬವಾಡಿ ಮೂವತ್ತೆರಡು ಸಾವಿರದ ಒಂದು ನಾಡು. ಹೆಸರು ಕೊಟ್ಟ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಊರು. ಬಾಗಳಿ, ನೀಲಗುಂದ, ಕುರುವತ್ತಿ, ಹಿರೇಹಡಗಲಿ, ಮಾಗಳ, ಅಂಬಳಿ ಎಂದು ಗುಡಿ ನೋಡುತ್ತ ಹೊರಟರೆ ಇಂದಿನ ಹರಪನಹಳ್ಳಿ, ಹೂವಿನಹಡಗಲಿ, ಕೊಟ್ಟೂರು ಸೀಮೆಯಲ್ಲೇ ಒಂದು ಸುತ್ತು ಹಾಕಿದಂತಾಗುತ್ತದೆ. ಅಲೆಕ್ಸಾಂಡರ್ ರೀ ಎಂಬ ಪುರಾತತ್ವ ಅಧಿಕಾರಿ 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಗ್ರಂಥವನ್ನೇ ತಂದ. ಆಗಿನ ಬಳ್ಳಾರಿ ಜಿಲ್ಲೆಯ ಈ ಗುಡಿಗಳು ಅದರಲ್ಲಿವೆ.

ಆ ಕಂಬ ಕಡೆದವರ ಕೈಗೆ, ಕಣ್ಣಿಗೆ ಏನೇನಾಗಿತ್ತೋ ಯಾವ ಶಾಸನವೂ ಹೇಳುವುದಿಲ್ಲ. ತಿರುಗುವ ವಸ್ತುವಿನ ಮುಂದೆ ನಿಂತು ದುಡಿಯುವವರ ಕಸುಬಿನ ಇನ್ನೊಂದು ಅರ್ಧ ನೋಡಬೇಕೆಂದು ನಾನು ಕೊಟ್ಟೂರು ರಸ್ತೆಯ ಒಂದು ತಗಡಿನ ಶೆಡ್ಡಿಗೆ ಹೋದೆ.

ಮೊದಲು ಮೊಳೆ, ಆಮೇಲೆ ಸ್ವಿಚ್ಚು

ಬಾಗಿಲ ಮೇಲಿನ ಬೋರ್ಡಿನಲ್ಲಿ 'ಲೇತ್ ವರ್ಕ್ಸ್' ಎಂದಷ್ಟೇ ಇತ್ತು. ಒಳಗೆ ಒಂದು ಲೇತ್, ವೆಲ್ಡಿಂಗ್ ಸೆಟ್, ಸಾಣೆಕಲ್ಲು. ಮೂಲೆಯಲ್ಲಿ ಆಳೆತ್ತರದ ಹಸಿರು ಬಣ್ಣದ ಯಂತ್ರ. ಅದನ್ನು ಪೇಟೆಯಲ್ಲಿ 'ಮಿಲ್ಲಿಂಗ್ ಕಮ್ ಡ್ರಿಲ್ಲಿಂಗ್ ಮಷಿನ್' ಎಂದು ಮಾರುತ್ತಾರೆ. ದಪ್ಪ ಕಂಬಕ್ಕೆ ಒಂದು ತಲೆ, ತಲೆಯ ಮೇಲೆ ಮೋಟಾರು, ಬೆಲ್ಟು, ಮೆಟ್ಟಿಲು ಪುಲ್ಲಿ. ತಲೆಯಿಂದ ಕೆಳಗಿಳಿದ ಸ್ಪಿಂಡಲ್. ಅದರ ಕೆಳಗೆ ಎರಡು ದಿಕ್ಕಿಗೆ ಸರಿಯುವ ಟೇಬಲ್ಲು. ಸ್ಪಿಂಡಲ್‌ಗೆ ಡ್ರಿಲ್ ಬಿಟ್ ಹಾಕಿದರೆ ತೂತು ಕೊರೆಯುತ್ತದೆ, ಕಟ್ಟರ್ ಹಾಕಿದರೆ ಮೈ ಸವರುತ್ತದೆ, ಗಾಡಿ ಎಂದರೆ ಉದ್ದನೆಯ ತೋಡು ತೆಗೆಯುತ್ತದೆ. ರೋಟವೇಟರಿನ ಫ್ಲಾಂಜು, ಮೆಕ್ಕೆಜೋಳ ಒಕ್ಕುವ ಮಷಿನ್ನಿನ ಪುಲ್ಲಿ, ಪಂಪಿನ ಶಾಫ್ಟಿನ ಕೀವೇ ಎಂಬ ಗಾಡಿ, ಕುಂಟೆಯ ಕುಳಕ್ಕೆ ಎರಡು ತೂತು: ಬೆಳಗಿನಿಂದ ಬಂದ ಕೆಲಸಗಳು ನೆಲದ ಮೇಲೆ ಸಾಲಾಗಿ ಕುಳಿತಿದ್ದವು.

ಮೇಸ್ತ್ರಿ ನನ್ನನ್ನು ನೋಡಿ ನಕ್ಕರು, ಆಮೇಲೆ ನನ್ನ ಕೊರಳು ನೋಡಿದರು. ಪತ್ರಿಕೆಯ ಗುರುತಿನ ಚೀಟಿ ಉದ್ದನೆಯ ಪಟ್ಟಿಯಲ್ಲಿ ತೂಗುತ್ತಿತ್ತು.

"ಅದನ್ನ ಅಲ್ಲಿ ಮೊಳಿಗೆ ಹಾಕ್ರಿ ಸರ. ಆಮ್ಯಾಲೆ ಹತ್ರ ಬರ್ರಿ."

ಸ್ವಿಚ್ ಬೋರ್ಡಿನ ಪಕ್ಕದ ಮರದ ಕಂಬಕ್ಕೆ ನಾಲ್ಕು ದೊಡ್ಡ ಮೊಳೆ ಹೊಡೆದಿದ್ದರು. ಒಂದರಲ್ಲಿ ಮೇಸ್ತ್ರಿಯ ಕೈಗಡಿಯಾರ, ಇನ್ನೊಂದರಲ್ಲಿ ಹೆಗಲ ಟವೆಲ್ಲು, ಮೂರನೆಯದರಲ್ಲಿ ಕೆಲಸದ ಹುಡುಗನ ಕಡಗ ಮತ್ತು ಇಯರ್‌ಫೋನು. ನಾಲ್ಕನೆಯದು ಬಂದವರಿಗೆ. ನನ್ನ ಪಟ್ಟಿ ಅದಕ್ಕೆ ಹೋಯಿತು. ಆಮೇಲೆ ಮೇಸ್ತ್ರಿ ತಮ್ಮ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಕೊರಳಲ್ಲಿದ್ದ ಶಿವದಾರ, ಕರಡಿಗೆ ಎರಡೂ ಅಂಗಿಯೊಳಗೆ ಸೇರಿದವು. ಅಂಗಿಯ ತೋಳನ್ನು ಮೊಣಕೈ ಮೇಲೆ ಬಿಗಿಯಾಗಿ ಮಡಚಿದರು. ಇಷ್ಟೂ ಮುಗಿಯುವವರೆಗೆ ಸ್ವಿಚ್ಚಿನ ಕಡೆ ಅವರ ಕೈ ಹೋಗಲಿಲ್ಲ.

"ಲೇತ್‌ನ್ಯಾಗ ಜಾಬ್ ತಿರುಗ್ತೈತಿ, ಟೂಲ್ ನಿಂತಿರ್ತೈತಿ. ಇಲ್ಲಿ ಟೂಲ್ ತಿರುಗ್ತೈತಿ, ಜಾಬ್ ನಿಂತಿರಬೇಕು. ತಿರುಗೋದು ಒಂದೇ ಇರಬೇಕ್ರಿ. ಎರಡನೇದು ತಿರುಗಾಕ ಹತ್ತಿತು ಅಂದ್ರ ಕೆಟ್ಟಿತು."

ಯಂತ್ರ ಸುರಕ್ಷತೆಯ ದಪ್ಪ ಕೈಪಿಡಿಗಳನ್ನು ಓದಿದ್ದೇನೆ. 'ಮಾಡಿ', 'ಮಾಡಬೇಡಿ' ಎಂಬ ಉದ್ದ ಪಟ್ಟಿಗಳು ಅವು. ಮೇಸ್ತ್ರಿಯ ಈ ಮಾತು ಕೇಳಿದ ಮೇಲೆ ಆ ಪಟ್ಟಿಗಳೆಲ್ಲ ಒಂದೇ ದಾರಕ್ಕೆ ಪೋಣಿಸಿಕೊಂಡವು. ಡ್ರಿಲ್ಲಿಂಗ್, ಮಿಲ್ಲಿಂಗ್ ಯಂತ್ರದ ಹೆಚ್ಚಿನ ಅವಘಡಗಳನ್ನು ಬಿಡಿಸಿ ನೋಡಿದರೆ, ತಿರುಗಬಾರದ್ದೊಂದು ತಿರುಗಿದ್ದೇ ಕಾರಣ. ಜಾಬ್ ಎಂದರೆ ಕೆಲಸಕ್ಕಿಟ್ಟ ತುಂಡು, ಬಟ್ಟೆ, ಕೂದಲು, ಬಿಟ್ ಹಿಡಿಯುವ ಚಕ್ಕಿನ ಕೀಲಿ, ಕೆಲವೊಮ್ಮೆ ನಿಲ್ಲಿಸಿದ್ದ ಯಂತ್ರವೇ.

ಜಾಬ್ ತಿರುಗಿದರೆ

ಮೊದಲ ಕೆಲಸ ಒಂದು ಅಡಿ ಉದ್ದದ ಕಬ್ಬಿಣದ ಪಟ್ಟಿ, ನಡುವೆ 10 ಮಿಲಿಮೀಟರ್ ತೂತು. ಎರಡು ನಿಮಿಷದ ಕೆಲಸ. ಇಂಥ ಕೆಲಸದಲ್ಲೇ ಕೈ ಹೋಗುವುದು. 'ಇಷ್ಟಕ್ಕೆ ವೈಸ್ ಯಾಕೆ' ಎಂದು ಎಡಗೈಯಲ್ಲಿ ಪಟ್ಟಿ ಒತ್ತಿಹಿಡಿದು ಬಲಗೈಯಲ್ಲಿ ಹ್ಯಾಂಡಲ್ ಎಳೆಯುವವರು ಎಲ್ಲ ಊರಲ್ಲೂ ಇದ್ದಾರೆ.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಹೈಸ್ಪೀಡ್ ಸ್ಟೀಲ್ ಬಿಟ್‌ನಿಂದ ಮೆದು ಕಬ್ಬಿಣ ಕೊರೆಯುವಾಗ ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ಓಡಬೇಕು. 10 ಮಿಲಿಮೀಟರ್ ಬಿಟ್‌ಗೆ ಅದು ನಿಮಿಷಕ್ಕೆ 800 ಸುತ್ತು ಆಗುತ್ತದೆ. ಬಿಟ್ 20 ಮಿಲಿಮೀಟರ್ ಇದ್ದರೆ 400, 5 ಇದ್ದರೆ 1600. ಬಿಟ್ ದಪ್ಪವಾದಷ್ಟೂ ವೇಗ ಇಳಿಸಬೇಕು; ಬೆಲ್ಟನ್ನು ಪುಲ್ಲಿಯ ಬೇರೆ ಮೆಟ್ಟಿಲಿಗೆ ಹಾಕುವುದು ಅದಕ್ಕೇ. 800 ಸುತ್ತೆಂದರೆ ಸೆಕೆಂಡಿಗೆ ಹದಿಮೂರಕ್ಕಿಂತ ಹೆಚ್ಚು. ಬಿಟ್ ಕಚ್ಚಿಕೊಂಡು ಆ ಪಟ್ಟಿಯೂ ಅದರ ಜತೆ ಪೂರ್ತಿ ವೇಗದಲ್ಲಿ ತಿರುಗಿತೆನ್ನಿ. ನಡುವಿನಿಂದ 15 ಸೆಂಟಿಮೀಟರ್ ದೂರದ ತುದಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಹೊಸಪೇಟೆ ರಸ್ತೆಯಲ್ಲಿ ಬೈಕು ಓಡುವ ವೇಗ ಅದು. ಅರ ಹಾಕದ ಹರಿತ ಅಂಚಿನ ಕಬ್ಬಿಣ ಆ ವೇಗದಲ್ಲಿ ಬಂದಾಗ ಒತ್ತಿಹಿಡಿದ ಬೆರಳು ತಡೆಯುವುದುಂಟೇ?

ಕಚ್ಚುವುದು ಯಾವಾಗ? ಹೊಸಬರು ಬಿಟ್ ಕಬ್ಬಿಣಕ್ಕೆ ತಾಗುವ ಮೊದಲ ಕ್ಷಣಕ್ಕೆ ಹೆದರುತ್ತಾರೆ. ಮೇಸ್ತ್ರಿ ಹೆದರುವುದು ಕೊನೆಯ ಕ್ಷಣಕ್ಕೆ, ತೂತು ಆಚೆ ಬಾಯಿ ಬಿಡುವಾಗ. ಡ್ರಿಲ್ ಬಿಟ್ಟಿನ ನಟ್ಟನಡುವಿನ ಮೊಂಡು ಏಣು ಕಬ್ಬಿಣವನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ನೂಕುತ್ತದೆ. ನಾವು ಹ್ಯಾಂಡಲ್ ಮೇಲೆ ಹಾಕುವ ಭಾರದ ದೊಡ್ಡ ಪಾಲು ಅದಕ್ಕೇ ಖರ್ಚು. ಆ ಏಣು ಆಚೆ ಹೊರಬಿದ್ದೊಡನೆ ತಡೆ ಇಲ್ಲವಾಗುತ್ತದೆ. ಕೈಯ ಭಾರ ಮಾತ್ರ ಹಾಗೇ ಇರುತ್ತದೆ. ಬಿಟ್ ಜಗ್ಗನೆ ಮುಂದೆ ನುಗ್ಗಿ, ಉಳಿದ ತೆಳು ಪದರಕ್ಕೆ ಸ್ಕ್ರೂ ಥರ ಕಚ್ಚಿ, ಜಾಬನ್ನು ಮೇಲಕ್ಕೆಳೆದು ತಿರುಗಿಸುತ್ತದೆ. ತೆಳು ತಗಡಿನಲ್ಲಿ ಇದು ಇನ್ನೂ ಬೇಗ. ಹಿತ್ತಾಳೆಗೂ ಕಚ್ಚುವ ಚಾಳಿ ಇದೆ. ಅದಕ್ಕೇ ಬಲ್ಲವರು ಹಿತ್ತಾಳೆ ಕೊರೆಯುವ ಬಿಟ್ಟಿನ ತುಟಿಯನ್ನು ಸ್ವಲ್ಪ ಮೊಂಡು ಮಾಡಿಕೊಳ್ಳುತ್ತಾರೆ.

ಮೇಸ್ತ್ರಿ ಮಾಡಿದ್ದು ಹೀಗೆ. ಸೆಂಟರ್ ಪಂಚ್‌ನಿಂದ ಗುರುತು ಹೊಡೆದರು. ಪಟ್ಟಿಯ ಕೆಳಗೆ ಮರದ ತುಂಡು ಇಟ್ಟು ಎರಡನ್ನೂ ವೈಸ್‌ನಲ್ಲಿ ಬಿಗಿದರು. ವೈಸನ್ನು ಟೇಬಲ್ಲಿನ ಗಾಡಿಗೆ ಟಿ-ಬೋಲ್ಟ್ ಹಾಕಿ ಕಟ್ಟಿದರು. ಬಿಟ್ ಮರಕ್ಕೆ ಇಳಿಯಲಿ, ಟೇಬಲ್ಲಿಗೆ ಇಳಿಯದಿರಲಿ ಎಂದು ಆಳದ ಸ್ಟಾಪ್ ಸರಿಮಾಡಿದರು. ಕೊರೆಯುವಾಗ ನಡುನಡುವೆ ಹ್ಯಾಂಡಲ್ ಎತ್ತಿ ಸುರುಳಿ ಮುರಿದರು. ಕೊನೆಗೆ ಶಬ್ದ ಬದಲಾಯಿತು. ಗುರ್ ಅನ್ನುತ್ತಿದ್ದದ್ದು ಸ್ವಲ್ಪ ಟೊಳ್ಳಾಯಿತು. ಆ ಹೊತ್ತಿಗೆ ಅವರ ಬಲಗೈ ಹ್ಯಾಂಡಲ್ ಮೇಲೆ ಕೇವಲ ಇಟ್ಟಂತಿತ್ತು.

"ಕಿವಿ ಇಟ್ಟು ಕೊರೀಬೇಕ್ರಿ," ಅಂದರು.

ವೈಸ್‌ಗೆ ಹೊಂದದ ಉದ್ದ ಜಾಬ್ ಬಂದರೆ ಕ್ಲಾಂಪು ಹಾಕಬೇಕು. ಅದರ ಜತೆಗೆ ಒಂದು ಹಳೆಯ ಯುಕ್ತಿಯೂ ಇದೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಜಾಬಿನ ಉದ್ದ ತುದಿಯನ್ನು ನಮ್ಮ ಎಡಕ್ಕೆ, ಯಂತ್ರದ ಕಂಬಕ್ಕೆ ತಾಗುವ ಹಾಗೆ ಇಟ್ಟರೆ, ಕ್ಲಾಂಪು ಸಡಿಲಾದರೂ ಆ ತುದಿ ನಮ್ಮ ಹೊಟ್ಟೆಗೆ ಬರುವ ಬದಲು ಕಂಬಕ್ಕೆ ಆತು ನಿಲ್ಲುತ್ತದೆ.

ಕಾಲು ಸೆಕೆಂಡಿಗೆ ಅರ್ಧ ಮೀಟರ್

ಕಬ್ಬಿಣ ಹಿಡಿಯುವ ಕೈಗೆ ಕೈಗವಸು ಹಾಕಬೇಕೆಂಬುದು ಯಾರಿಗೂ ತೋಚುವ ಮಾತು. ವೆಲ್ಡಿಂಗ್ ಮಾಡುವಾಗ, ತಗಡು ಹೊರುವಾಗ ಹಾಕಲೇಬೇಕು. ತಿರುಗುವ ಸ್ಪಿಂಡಲ್ಲಿನ ಮುಂದೆ ಮಾತ್ರ ಕೈಗವಸೇ ಶತ್ರು. ಚರ್ಮಕ್ಕೆ ಸುರುಳಿ ತಾಗಿದರೆ ಗೀರು ಬೀಳುತ್ತದೆ, ಕೈ ಹಿಂದೆ ಬರುತ್ತದೆ. ಗವಸಿನ ನೂಲಿಗೆ ತಾಗಿದರೆ ನೂಲು ಸುತ್ತಿಕೊಳ್ಳುತ್ತದೆ, ಅದರೊಳಗಿನ ಕೈಯೂ ಹೋಗುತ್ತದೆ.

ನೋಡಿ, ಗಾಬರಿಯಾಗಿ ಕೈ ಹಿಂತೆಗೆಯಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. 800 ಸುತ್ತಿನ ಯಂತ್ರ ಅಷ್ಟರಲ್ಲಿ ಮೂರೂಕಾಲು ಸುತ್ತು ಮುಗಿಸಿರುತ್ತದೆ. 10 ಮಿಲಿಮೀಟರ್ ಬಿಟ್ ಆ ಅವಧಿಯಲ್ಲಿ ಸುಮಾರು 10 ಸೆಂಟಿಮೀಟರ್ ನೂಲು ಸುತ್ತಿಕೊಳ್ಳುತ್ತದೆ. ಬಿಟ್ ಹಿಡಿದಿರುವ ಚಕ್ಕು 5 ಸೆಂಟಿಮೀಟರ್ ದಪ್ಪ ಇದ್ದರೆ ಅದು ಸುತ್ತಿಕೊಳ್ಳುವ ಬಟ್ಟೆ ಅರ್ಧ ಮೀಟರ್. ಬೆರಳ ತುದಿಯಿಂದ ಮೊಣಕೈವರೆಗಿನ ಅಳತೆ ಅದು. 'ಸಿಕ್ಕಿದ್ದು ಗೊತ್ತಾದ ಕೂಡಲೇ ಎಳೆದುಕೊಂಡರಾಯಿತು' ಎನ್ನುವವರಿಗೆ ಗೊತ್ತಾಗುವ ಹೊತ್ತಿಗೆ ತೋಳು ಮುಗಿದಿರುತ್ತದೆ.

ನಮ್ಮ ಸೀಮೆಯ ಉಡುಗೆಯಲ್ಲಿ ಸುತ್ತಿಕೊಳ್ಳುವ ಸಾಮಾನು ಬಹಳ. ಹೆಗಲ ಟವೆಲ್ಲು, ಕೊರಳ ಶಿವದಾರ, ಜಾತ್ರೆಯಲ್ಲಿ ಮಣಿಕಟ್ಟಿಗೆ ಕಟ್ಟಿಸಿಕೊಂಡ ದಾರ, ಉಂಗುರ, ಕಡಗ, ಲುಂಗಿಯ ಅಂಚು, ಹೆಣ್ಣುಮಕ್ಕಳಿದ್ದರೆ ಜಡೆ, ದುಪಟ್ಟಾ, ಬಳೆ. ಇವುಗಳಲ್ಲಿ ಕೆಲವನ್ನು ತೆಗೆಯಲು ಮನಸ್ಸು ಒಪ್ಪುವುದಿಲ್ಲ. ತೆಗೆಯಲಾಗದ್ದನ್ನು ಒಳಗೆ ಸೇರಿಸಿ ಬಿಗಿ ಮಾಡಬಹುದು. ಹುಡುಗನ ಮಣಿಕಟ್ಟಿನಲ್ಲಿ ಕೊಟ್ಟೂರು ತೇರಿನ ದಾರವಿತ್ತು. ಅದು ಸಡಿಲು ಇರದಂತೆ ಗಂಟು ಕಿರಿದು ಮಾಡಿ, ಉಳಿದ ಎಳೆ ಕತ್ತರಿಸಿದ್ದರು.

ಕೊರೆದಾಗ ಹೊರಬರುವ ಸುರುಳಿಯೂ ದಾರವೇ. ನೀಲಿಗಟ್ಟಿದ, ಬಿಸಿ, ಬ್ಲೇಡಿನಂತೆ ಹರಿತವಾದ ಉದ್ದ ಸುರುಳಿ ಬಿಟ್ಟಿನ ಸುತ್ತ ಬುಗುರಿ ಹಗ್ಗದಂತೆ ಬೀಸುತ್ತದೆ. ಅದನ್ನು ಕೈಯಿಂದ ಎಳೆಯಬಾರದು, ಬಾಯಿಂದ ಊದಬಾರದು, ಗಾಳಿಯ ಪೈಪಿನಿಂದ ಹಾರಿಸಲೂ ಬಾರದು. ಯಂತ್ರ ನಿಲ್ಲಿಸಿ ಬ್ರಷ್ ತೆಗೆದುಕೊಳ್ಳಬೇಕು. ಈ ಶೆಡ್ಡಿನಲ್ಲಿ ಆ ಕೆಲಸಕ್ಕೆ ಸುಣ್ಣ ಬಳಿಯುವ ಹಳೆಯ ಬ್ರಷ್ ಇತ್ತು. ಕಣ್ಣಿಗೆ ಪಕ್ಕವೂ ಮುಚ್ಚಿದ ಕನ್ನಡಕ ಬೇಕು. ಓದುವ ಕನ್ನಡಕ ಸಾಲದು, ಚೂರು ಪಕ್ಕದಿಂದ ಬರುತ್ತದೆ. ಹಾಗಿದ್ದೂ ಕಣ್ಣಿಗೆ ಕಬ್ಬಿಣದ ಚೂರು ಬಿದ್ದರೆ ಉಜ್ಜದೆ, ಕರವಸ್ತ್ರದ ತುದಿಯಿಂದ ತೆಗೆಯಲು ಹೋಗದೆ, ಕಣ್ಣು ಮುಚ್ಚಿಕೊಂಡು ವೈದ್ಯರಲ್ಲಿಗೆ ಹೋಗಬೇಕು. ಕಪ್ಪುಗುಡ್ಡೆಯ ಮೇಲೆ ಕೂತ ಕಬ್ಬಿಣ ಅಲ್ಲೇ ತುಕ್ಕು ಹಿಡಿಯುತ್ತದೆ.

ಹಾರಿದ ಕೀಲಿ

ಡಿಪ್ಲೊಮಾ ಓದುತ್ತಿದ್ದಾಗ ರಜೆಯಲ್ಲಿ ನಾನೂ ಒಂದು ವರ್ಕ್‌ಶಾಪಿನಲ್ಲಿ ಎರಡು ತಿಂಗಳು ಕೆಲಸ ಕಲಿತೆ. ಅಲ್ಲಿ ಮೂರನೆಯ ದಿನವೋ ನಾಲ್ಕನೆಯ ದಿನವೋ ಬಿಟ್ ಬದಲಿಸಿ, ಚಕ್ಕು ಬಿಗಿದು, ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಒತ್ತಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಬೆನ್ನ ಹಿಂದೆ ತಗಡಿನ ಗೋಡೆ ಢಣ್ ಎಂದಿತು. ಕಿವಿಯ ಪಕ್ಕ ಹಾದುಹೋದದ್ದು ಕೀಲಿ ಎಂದು ತಿಳಿಯಲು ನನಗೆ ಅಷ್ಟು ಹೊತ್ತು ಬೇಕಾಯಿತು. ಅಲ್ಲಿನ ಹಿರಿಯರು ಬೈಯಲಿಲ್ಲ. ಸೀಮೆಸುಣ್ಣ ತಂದು ತಗಡಿನಲ್ಲಿ ಬಿದ್ದ ತಗ್ಗಿನ ಸುತ್ತ ಒಂದು ವೃತ್ತ ಬರೆದರು. ಅದು ನನ್ನ ಹಣೆಯ ಎತ್ತರದಲ್ಲಿತ್ತು. ಎರಡು ತಿಂಗಳೂ ಆ ವೃತ್ತ ಅಲ್ಲೇ ಇತ್ತು.

ಚಕ್ಕಿನ ಕೀಲಿಯ ನಿಯಮ ಒಂದೇ: ಚಕ್ಕಿನಲ್ಲಿ ಕೀಲಿ ಇರುವಷ್ಟು ಹೊತ್ತು ಕೀಲಿಯ ಮೇಲೆ ಕೈ ಇರಬೇಕು. ಕೈ ಬಿಡುವುದಾದರೆ ಕೀಲಿ ಹೊರಗೆ. ಸ್ಪ್ರಿಂಗ್ ಇರುವ ಕೀಲಿ ಸಿಗುತ್ತದೆ, ಕೈ ಬಿಟ್ಟ ಕೂಡಲೇ ತಾನೇ ಹೊರಗೆ ಚಿಮ್ಮುತ್ತದೆ. ಅದು ಇಲ್ಲದವರು ಕೀಲಿಗೆ ಸ್ವಿಚ್ಚಿನ ಮುಂದೆಯೇ ಜಾಗ ಕೊಡಬಹುದು. ಜಾಗ ಖಾಲಿ ಕಂಡರೆ ಕೈ ತಡೆಯುತ್ತದೆ. ಈ ಯಂತ್ರದಲ್ಲಿ ಇನ್ನೊಂದು ಕೀಲಿಯೂ ಇದೆ, ಹೆಚ್ಚಿನವರಿಗೆ ನೆನಪಿರುವುದಿಲ್ಲ. ಸ್ಪಿಂಡಲ್ಲಿನ ಮೇಲ್ತುದಿಯಲ್ಲಿ, ಕಟ್ಟರನ್ನು ಮೇಲಕ್ಕೆ ಎಳೆದು ಹಿಡಿಯುವ ಸರಳು ಅಂದರೆ ಡ್ರಾಬಾರ್ ಬಿಗಿಯುವ ಪಾನಾ. ಅದು ತಲೆಯ ಮೇಲೆ, ಕಣ್ಣಿಗೆ ಮರೆ. ಮರೆತು ಸ್ವಿಚ್ ಹಾಕಿದರೆ ಅದೂ ಹಾರುತ್ತದೆ.

ಒಂದೇ ಯಂತ್ರ, ಎರಡು ಸ್ವಭಾವ

ಮಧ್ಯಾಹ್ನ ಪಂಪಿನ ಶಾಫ್ಟಿಗೆ ಕೀವೇ ತೆಗೆಯುವ ಕೆಲಸ ಹಿಡಿದರು. ಡ್ರಿಲ್ಲಿಂಗ್ ಮುಗಿದು ಮಿಲ್ಲಿಂಗ್ ಶುರು. ಈ ಯಂತ್ರದ ಅನುಕೂಲವೂ ಇದೇ, ಬಲೆಯೂ ಇದೇ. ಎರಡೂ ಕೆಲಸಕ್ಕೆ ಮುಖ ಒಂದೇ ಆದ್ದರಿಂದ ಎರಡರ ನಡತೆಯೂ ಒಂದೇ ಎಂದು ಕೈ ನಂಬುತ್ತದೆ.

ಡ್ರಿಲ್ಲಿಂಗ್‌ನಲ್ಲಿ ಬಲ ಕೆಳಮುಖ. ಮಿಲ್ಲಿಂಗ್‌ನಲ್ಲಿ ಬಲ ಅಡ್ಡ. ಡ್ರಿಲ್ ಚಕ್ಕು ಸ್ಪಿಂಡಲ್ಲಿನಲ್ಲಿ ನಿಲ್ಲುವುದು ಒಂದು ಓರೆಯಾದ ಗೂಟದ ಬಿಗಿಯಿಂದ. ಅಮೆರಿಕದ ಸ್ಟೀಫನ್ ಮೋರ್ಸ್ ಸುರುಳಿ ಬಿಟ್‌ಗೆ ಪೇಟೆಂಟ್ ಪಡೆದದ್ದು 1863ರಲ್ಲಿ. ಈ ಗೂಟದ ಓರೆಗೂ ಅವನದೇ ಹೆಸರು, ನಮ್ಮ ಮೇಸ್ತ್ರಿಗಳು 'ಎಂಟಿ-2', 'ಎಂಟಿ-3' ಎನ್ನುವುದು ಮೋರ್ಸ್ ಟೇಪರನ್ನೇ. ಕೆಳಗಿನಿಂದ ಒತ್ತಿದಷ್ಟೂ ಆ ಗೂಟ ಬಿಗಿಯಾಗುತ್ತದೆ. ಅಡ್ಡ ಹೊಡೆತ ಬಿದ್ದರೆ, ಅದರಲ್ಲೂ ನಡುಗುತ್ತ ಬಿದ್ದರೆ, ಸಡಿಲಾಗುತ್ತದೆ. ಡ್ರಿಲ್ ಚಕ್ಕಿಗೆ ಎಂಡ್ ಮಿಲ್ ಕಟ್ಟರ್ ಸಿಕ್ಕಿಸಿ ಗಾಡಿ ತೆಗೆಯಲು ಹೋದವರ ಯಂತ್ರದಿಂದ ಚಕ್ಕು ಕಟ್ಟರ್ ಸಮೇತ ತಿರುಗುತ್ತಲೇ ಕೆಳಗೆ ಬೀಳುವುದು ಹೀಗೆ. ಕಟ್ಟರನ್ನು ಕಾಲೆಟ್‌ನಲ್ಲಿ ಹಿಡಿದು, ಮೇಲಿನಿಂದ ಡ್ರಾಬಾರ್ ಬಿಗಿದೇ ಮಿಲ್ಲಿಂಗ್ ಮಾಡಬೇಕು.

ಇನ್ನೊಂದು ಸೂಕ್ಷ್ಮ, ಜಾಬ್ ಯಾವ ಕಡೆಯಿಂದ ಹೋಗಬೇಕು ಎಂಬುದು. ಕಟ್ಟರಿನ ಹಲ್ಲು ಬರುವ ದಿಕ್ಕಿಗೆ ಎದುರಾಗಿ ಟೇಬಲ್ಲು ಸರಿದರೆ ಭಾರ ನಮ್ಮ ಕೈಯಲ್ಲಿರುತ್ತದೆ. ಹಲ್ಲು ಹೋಗುವ ದಿಕ್ಕಿಗೇ ಸರಿಸಿದರೆ ಕಟ್ಟರ್ ಜಾಬನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ. ಇಳಿಜಾರಿನಲ್ಲಿ ಹೇರು ಬಂಡಿ ಎತ್ತುಗಳ ಮೇಲೇ ಬಂದಂತೆ. ಹೊಸ, ದುಬಾರಿ ಯಂತ್ರದಲ್ಲಿ ಟೇಬಲ್ಲಿನ ಸ್ಕ್ರೂಗೆ ಸಡಿಲು ಇರುವುದಿಲ್ಲ, ಅಲ್ಲಿ ಹೀಗೂ ಕತ್ತರಿಸುತ್ತಾರೆ. ಹತ್ತು ವರ್ಷ ಸವೆದ ಟೇಬಲ್ಲಿಗೆ ಇದು ತರವಲ್ಲ. ಸಡಿಲು ಇದ್ದಷ್ಟೂ ಟೇಬಲ್ಲು ಒಮ್ಮೆಲೇ ಜಿಗಿಯುತ್ತದೆ. ಕಟ್ಟರ್ ಮುರಿದರೆ ಪುಣ್ಯ, ಜಾಬ್ ಕಿತ್ತು ಹೊರಗೆ ಬಂದರೆ ಕಷ್ಟ. ಮೇಸ್ತ್ರಿ ಹ್ಯಾಂಡಲನ್ನು ಹಿಂದೆ ಮುಂದೆ ಅಲ್ಲಾಡಿಸಿ ತೋರಿಸಿದರು. ಟೇಬಲ್ಲು ಕದಲುವ ಮೊದಲು ಹ್ಯಾಂಡಲ್ ಖಾಲಿ ತಿರುಗುತ್ತಿತ್ತು.

"ಇಷ್ಟು ಸುಳ್ಳು ಹೇಳ್ತೈತಿ ನೋಡ್ರಿ ಇದು. ಇಷ್ಟು ಲೆಕ್ಕ ಹಿಡಿದೇ ಕೆಲಸ ಮಾಡ್ಬೇಕು."

ಯಂತ್ರೋಪಕರಣದ ವಿಷಯದಲ್ಲಿ ಈ ಸೀಮೆ ಅನಾಥವೇನಲ್ಲ. ಹರಪನಹಳ್ಳಿಯ ಆಚೆ, ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಶುರುವಾಗಿ ದಶಕಗಳ ಕಾಲ ಲೇತ್ ತಯಾರಿಸಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು. ಹರಿಹರದ ಕಾರ್ಖಾನೆ ಮುಚ್ಚಿ ಎರಡು ದಶಕವೇ ಆಯಿತು, ಆದರೂ ಸುತ್ತಲಿನ ಊರುಗಳಲ್ಲಿ 'ಕಿರ್ಲೋಸ್ಕರ್ ಲೇತ್' ಎಂದರೆ ಈಗಲೂ ಮರ್ಯಾದೆ ಬೇರೆ. ಅಂಥ ಕಾರ್ಖಾನೆಗಳಲ್ಲಿ ಕೆಲಸದ ಜತೆ ಶಿಸ್ತನ್ನೂ ಕಲಿಸುತ್ತಿದ್ದರು. ಯಂತ್ರ ಹಳತಾಗಿ ಕೈಬದಲಾಗಿ ಶೆಡ್ಡಿಗೆ ಬಂದಾಗ ಅದರ ಜತೆ ಆ ಶಿಸ್ತು ಬರುವುದಿಲ್ಲ. ಬೆಲ್ಟಿನ ಮುಚ್ಚಳವೂ ಎಷ್ಟೋ ಸಲ ದಾರಿಯಲ್ಲೇ ಕಳೆದಿರುತ್ತದೆ.

ಕರೆಂಟು ಬಂತು!

ಶಾಫ್ಟು ಅರ್ಧಕ್ಕೆ ಬಂದಿತ್ತು, ಕರೆಂಟು ಹೋಯಿತು. ಮೇಸ್ತ್ರಿ ಮೊದಲು ಮಾಡಿದ್ದು ಸ್ವಿಚ್ ಬಂದ್ ಮಾಡಿದ್ದು. ಆಮೇಲೆ ಬೆವರು ಒರೆಸಿಕೊಂಡು ಕಟ್ಟೆಗೆ ಬಂದು ಕೂತರು.

ಯಾಕೆಂದು ಊರ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಲದ ಪಂಪ್‌ಸೆಟ್‌ಗೆ ತ್ರಿಫೇಸ್ ಕರೆಂಟು ಸರ್ಕಾರದ ಲೆಕ್ಕದಲ್ಲಿ ದಿನಕ್ಕೆ 7 ಗಂಟೆ, ಅದು ಹಗಲೋ ರಾತ್ರಿಯೋ. ನಡುರಾತ್ರಿ ಎದ್ದು ಹೋಗಲಾರದೆ ಎಷ್ಟೋ ಜನ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಕರೆಂಟು ಬಂದ ಕೂಡಲೇ ಮೋಟಾರು ತಾನೇ ಎದ್ದು ನೀರೆತ್ತುತ್ತದೆ. ಬೋರ್‌ವೆಲ್ಲಿಗೆ ಅದು ವರ. ಕೊರೆಯುವ ಯಂತ್ರಕ್ಕೆ ಅದೇ ಗುಣ ಮೃತ್ಯು. ಮನೆಯ ಬಲ್ಬಿನ ಥರದ ಸಾದಾ ಸ್ವಿಚ್ ಹಾಕಿದ ಯಂತ್ರ ಕರೆಂಟು ಹೋದಾಗ ನಿಲ್ಲುತ್ತದೆ, ಬಂದಾಗ ಏಳುತ್ತದೆ. ನಡುವಿನ ಹತ್ತು ನಿಮಿಷದಲ್ಲಿ 'ಹೇಗೂ ನಿಂತಿದೆ' ಎಂದು ಯಾರೋ ಬಿಟ್ ಬಿಚ್ಚುತ್ತಿರುತ್ತಾರೆ, ಸುರುಳಿ ಬಿಡಿಸುತ್ತಿರುತ್ತಾರೆ.

ಇದಕ್ಕೆ ಮದ್ದು ಪಂಪಿನ ಹಳೆಯ ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಇದೆ. ಅದರೊಳಗಿನ ಕಾಯಿಲ್ ಕರೆಂಟು ಇರುವಷ್ಟು ಹೊತ್ತು ಸಂಪರ್ಕವನ್ನು ಹಿಡಿದಿಟ್ಟಿರುತ್ತದೆ. ಕರೆಂಟು ಹೋದರೆ ಬಿಟ್ಟುಬಿಡುತ್ತದೆ. ಮತ್ತೆ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ಏಳುವುದಿಲ್ಲ. ಕೊರೆಯುವ ಯಂತ್ರಕ್ಕೂ ಅಂಥದೇ ಸ್ಟಾರ್ಟರ್ ಬೇಕು. ಜತೆಗೆ ಅಂಗೈಯಿಂದ ಹೊಡೆದರೂ ನಿಲ್ಲುವ ದೊಡ್ಡ ಕೆಂಪು ಗುಂಡಿ, ಬಗ್ಗದೆ ಎಟುಕುವ ಜಾಗದಲ್ಲಿ. ಬೆಲ್ಟು ಬದಲಿಸುವಾಗ ಅದೂ ಸಾಲದು, ಮೇನ್ ತೆಗೆದೇ ಮುಚ್ಚಳ ಎತ್ತಬೇಕು.

ಬೆಳಕಿನ ಒಂದು ಮೋಸವೂ ಇದೆ. ಹಳೆಯ ಚೋಕ್ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಟುಕುತ್ತದೆ. ಮೂರು ದವಡೆಯ ಚಕ್ಕು ನಿಮಿಷಕ್ಕೆ 2000 ಸುತ್ತಿನಲ್ಲಿದ್ದರೆ ಪ್ರತಿ ಮಿಟುಕಿಗೂ ಒಂದೊಂದು ದವಡೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಕಣ್ಣಿಗೆ ಚಕ್ಕು ನಿಂತಂತೆಯೇ ಕಾಣಬಹುದು. ಯಂತ್ರದ ತಲೆಗೇ ಒಂದು ಬೇರೆ ದೀಪ ಹಾಕಿದರೆ ಆ ಭ್ರಮೆ ಹರಿಯುತ್ತದೆ.

ಬೆರಳಿಗೊಂದು ಲೆಕ್ಕ

ಕಾನೂನು ಈ ಬಗ್ಗೆ ಸುಮ್ಮನಿಲ್ಲ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ತಿರುಗುವ ಭಾಗಗಳಿಗೆ ಬೇಲಿ ಹಾಕಬೇಕೆಂದಿತು. ಓಡುವ ಯಂತ್ರದ ಹತ್ತಿರ ಹೋಗುವವರಿಗೆ ಮೈಗಂಟಿದ ಉಡುಪು ಕೊಡಬೇಕೆಂದು 22ನೇ ಕಲಮು ಹೇಳಿತು. ಅದಕ್ಕೂ ಮುಂಚಿನ 1923ರ ಪರಿಹಾರ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿಯಿತ್ತು. ಯಾವ ಅಂಗ ಹೋದರೆ ದುಡಿಯುವ ಶಕ್ತಿ ಎಷ್ಟು ಹೋದಂತೆ ಎಂಬ ಪಟ್ಟಿ. ಹೆಬ್ಬೆರಳು ಪೂರ್ತಿ ಹೋದರೆ ಶೇ 30. ತೋರುಬೆರಳು ಶೇ 14. ನಡುಬೆರಳು 12. ಉಂಗುರದ ಬೆರಳೋ ಕಿರುಬೆರಳೋ ಆದರೆ 7. ತಣ್ಣಗೆ ಬರೆದ ಈ ಅಂಕಿಗಳನ್ನು ಓದುವಾಗ ಕೈ ತಾನಾಗಿ ಮುಷ್ಟಿಯಾಗುತ್ತದೆ.

ಇಬ್ಬರು ಮೂವರು ದುಡಿಯುವ ತಗಡಿನ ಶೆಡ್ಡಿಗೆ ಕಾರ್ಖಾನೆ ಕಾನೂನಿನ ಇನ್‌ಸ್ಪೆಕ್ಟರು ಬರುವುದಿಲ್ಲ. ಐಟಿಐನಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಓದಿದವರು ಬೆಂಗಳೂರಿನ ಪೀಣ್ಯಕ್ಕೋ ತೋರಣಗಲ್ಲಿಗೋ ಹೋಗುತ್ತಾರೆ. ಊರಲ್ಲಿ ಉಳಿಯುವುದು ಶಾಲೆ ಬಿಟ್ಟು ಬಂದವರು. ಅವರು ನೋಡಿ ಕಲಿಯುವವರು. ನೋಡಿ ಕಲಿಯುವವರಿಗೆ ಮೇಸ್ತ್ರಿಯ ಕೈಯೇ ಪುಸ್ತಕ. ಮೇಸ್ತ್ರಿ ಬರಿಗೈಯಲ್ಲಿ ಪಟ್ಟಿ ಹಿಡಿದು ಕೊರೆದರೆ ಹುಡುಗ ಅದನ್ನೇ ಜಾಣತನವೆಂದು ಕಲಿಯುತ್ತಾನೆ.

ಆಗಬಾರದ್ದು ಆಗಿಯೇ ಹೋದರೆ? ಗಾಯದ ಮೇಲೆ ಚೊಕ್ಕ ಬಟ್ಟೆ ಇಟ್ಟು ಬಲವಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಬೇಕು. ಅರಿಸಿನ, ಕಾಫಿಪುಡಿ, ಗ್ರೀಸು ಏನೂ ಬೇಡ. ತುಂಡಾದ ಬೆರಳನ್ನು ಒದ್ದೆ ಮಾಡಿದ ಚೊಕ್ಕ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳಿಗೆ ಮಂಜುಗಡ್ಡೆ ನೇರ ತಾಗಬಾರದು, ಮಾಂಸ ಸುಟ್ಟಂತಾಗುತ್ತದೆ. ಹಾಗೆ ತಂಪಾಗಿಟ್ಟರೆ ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ಮತ್ತೆ ಜೋಡಿಸುವ ಆಸೆ ಇಟ್ಟುಕೊಳ್ಳಬಹುದು. 108ಕ್ಕೆ ಕರೆ ಮಾಡುವವರೊಬ್ಬರು, ಯಂತ್ರದ ಮೇನ್ ತೆಗೆಯುವವರೊಬ್ಬರು ಇದ್ದರೆ ಒಳ್ಳೆಯದು. ಅದಕ್ಕೇ ಶೆಡ್ಡಿನಲ್ಲಿ ಒಬ್ಬರೇ ಇದ್ದಾಗ ಯಂತ್ರ ಹಾಕಬಾರದು.

ಕೈ ಕಟ್ಟಿ ನಿಲ್ಲುವ ಹೊತ್ತು

ಸಂಜೆಗೆ ಕರೆಂಟು ಬಂತು, ಶಾಫ್ಟು ಮುಗಿಯಿತು. ಕೊನೆಯ ತೂತನ್ನು ಹುಡುಗನೇ ಕೊರೆದ. ಅವನು ಬಂದು ಆಗಲೇ ಐದು ತಿಂಗಳಾಗಿತ್ತು. ಮೊದಲ ತಿಂಗಳು ಅವನಿಗೆ ಸ್ವಿಚ್ ಮುಟ್ಟಲು ಬಿಟ್ಟಿರಲಿಲ್ಲ. ಜಾಬ್ ಕಟ್ಟುವುದು, ಬಿಚ್ಚುವುದು, ಮೇಸ್ತ್ರಿ ಬಂದು ಕ್ಲಾಂಪು ಎಳೆದು ನೋಡಿ 'ಸಡ್ಲ ಐತಿ' ಎಂದರೆ ಮತ್ತೆ ಕಟ್ಟುವುದು, ಅಷ್ಟೇ.

ತೂತು ಮುಗಿಸಿ ಅವನು ಕೆಂಪು ಗುಂಡಿ ಒತ್ತಿದ. ಮೋಟಾರಿನ ಸದ್ದು ನಿಂತರೂ ಸ್ಪಿಂಡಲ್ ತನ್ನ ಪಾಡಿಗೆ ಸುತ್ತುತ್ತಲೇ ಇತ್ತು. ಬಹಳ ಕಡೆ ಈ ಹೊತ್ತಿನಲ್ಲಿ ಚಕ್ಕನ್ನು ಅಂಗೈಯಿಂದ ಸವರಿ ನಿಲ್ಲಿಸುತ್ತಾರೆ, ಬೇಗ ಆಗಲಿ ಎಂದು. ಹುಡುಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಚಕ್ಕಿನ ದವಡೆಗಳು ಮಸುಕಿನಿಂದ ಹೊರಬಂದು ಮೂರಾಗಿ ಕಂಡವು, ಒಂದೊಂದಾಗಿ ಎಣಿಸುವಷ್ಟು ನಿಧಾನವಾದವು, ನಿಂತವು. ಆಮೇಲೆ ಕೈ ಮುಂದೆ ಬಂತು, ವೈಸ್ ಬಿಚ್ಚಿತು. ಇದಕ್ಕೆಲ್ಲ ಹಿಡಿದದ್ದು ಆರೇಳು ಸೆಕೆಂಡು.

"ದಿನಕ್ಕೆ ಇಂಥ ನೂರು ತೂತು. ಎಷ್ಟು ಹೊತ್ತು ಹೋಗ್ತೈತಿ ಇದರಾಗ?" ಎಂದು ನಾನು ಕೇಳಿದೆ.

ಮೇಸ್ತ್ರಿ ಮನಸ್ಸಿನಲ್ಲೇ ಗುಣಿಸಿದರು. "ಹತ್ತು ಹನ್ನೊಂದು ನಿಮಿಷ ಆಗ್ಬೋದು. ಒಂದು ಚಾ ಕುಡಿಯೋ ಹೊತ್ತು, ಬಿಡ್ರಿ."

ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ರಸ್ತೆ ದಾಟಿ ಬಸ್ ನಿಲ್ದಾಣದ ನೆರಳಿಗೆ ಬಂದಿದ್ದೆನಷ್ಟೇ, ಹಿಂದಿನಿಂದ ಓಡಿಬರುವ ಸದ್ದು. ಹುಡುಗ. ಕೈಗೆ ಕಡಗ ಮತ್ತೆ ಏರಿತ್ತು, ಕಿವಿಯಲ್ಲಿ ಇಯರ್‌ಫೋನು. ನನ್ನ ಗುರುತಿನ ಚೀಟಿಯನ್ನು ಪಟ್ಟಿಯ ಸಮೇತ ಮುಂದೆ ಹಿಡಿದ.

"ನಾಕನೇ ಮೊಳಿ ಮ್ಯಾಲೆ ಉಳಿದಿತ್ರಿ. ಎಲ್ಲಾ ಮೊಳಿ ಖಾಲಿ ಆಗೋತನ ಮೇಸ್ತ್ರಿ ಶೆಟರ್ ಎಳೆಯಂಗಿಲ್ರಿ."